ಏರ್‌ಗನ್ ದುರ್ಬೀನು ಮೀಮಾಂಸೆ

ಅಧಿಕಾರಿ ವಿಚಾರ

ಏರ್‌ಗನ್ನಿಗೆ ದುರ್ಬೀನು ಕೂರಿಸಲು ಅರ್ಹರು ಯಾರು? 2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆ 4.5 ಮಿ.ಮೀ., ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸು ಬೇಡ. ಅಡಿಕೆ ಉದುರಿಸುವ ಮಂಗನಿಗೋ, 1972ರ ವನ್ಯಜೀವಿ ಕಾಯ್ದೆಯ ರಕ್ಷೆಯಿದೆ. ಆದ್ದರಿಂದ ಶಾಸ್ತ್ರಸಮ್ಮತವಾಗಿ ಉಳಿಯುವ ವೈರಿ ಒಂದೇ: ಅಂಗಳದ ಪೇರಳೆ ಮರಕ್ಕೆ ತೂಗುಹಾಕಿದ ಖಾಲಿ ಇಂಗಿನ ಡಬ್ಬಿ.

ಪೂರ್ವಪಕ್ಷ

ಪಕ್ಕದ ತೋಟದ ಭಾವ ಪೂರ್ವಪಕ್ಷಿ. "ದೊಡ್ಡ ಕೋವಿಯ ಒದೆ ತಡೆಯುವ ದುರ್ಬೀನು ಮಾರಾಯ, ನಿನ್ನ ಪುಸ್ಕು ಕೋವಿ ಅದಕ್ಕೆ ಯಾವ ಲೆಕ್ಕ?"

ಖಂಡನೆ: ಮದ್ದಿನ ಕೋವಿ ಹಿಂದಕ್ಕಷ್ಟೇ ಒದೆಯುತ್ತದೆ. ಸ್ಪ್ರಿಂಗಿನ ಏರ್‌ಗನ್ನೋ, ಪಿಸ್ಟನ್ ಮುನ್ನುಗ್ಗುವಾಗ ಹಿಂದಕ್ಕೆ, ಅದು ಗಾಳಿಗೆ ಬಡಿದು ತಡೆದಾಗ ಮುಂದಕ್ಕೆ, ಹೀಗೆ ಎರಡೂ ಕಡೆ ಜಗ್ಗುತ್ತದೆ. ಒದೆಯುವ ಹಸುವಿಗೆ ಕಾಲು ಕಟ್ಟಬಹುದು. ಒದ್ದು, ತಿರುಗಿ ಹಾಯುವುದಕ್ಕೆ? ಭಾವನ ದುರ್ಬೀನಿನ ಅಡ್ಡಗೆರೆ ಎರಡೇ ವಾರದಲ್ಲಿ ಕಳಚಿ ಗಾಜಿನೊಳಗೆ ಲೊಟಲೊಟ ಅಂದಿತು. ಆದುದರಿಂದ 'ಏರ್‌ಗನ್ನಿಗೆ' ಎಂದೇ ಮಾಡಿದ್ದು ಬೇಕು. ಅದು ಹಳಿಯ ಮೇಲೆ ಹಿಂದೆ ಜಾರದಂತೆ ತಡೆಗೂಟವೂ ಬೇಕು.

ಸಿದ್ಧಾಂತ

ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತು ಸ್ಪೀಡೋಮೀಟರ್ ನೋಡಿದವರಿಗೆ ಪ್ಯಾರಲಾಕ್ಸ್ ವಿವರಿಸಬೇಕಿಲ್ಲ: ತಲೆ ಸರಿದರೆ ಮುಳ್ಳು ಸರಿಯುತ್ತದೆ. ದುರ್ಬೀನಿನ ಅಡ್ಡಗೆರೆ ಹಾಗೆ ಸರಿಯದಂತೆ, ದೊಡ್ಡ ಕೋವಿಯವುಗಳಲ್ಲಿ ಬಹಳಷ್ಟನ್ನು 100 ಗಜಕ್ಕೆ ಹೊಂದಿಸಿರುತ್ತಾರೆ. ನಮ್ಮ ಡಬ್ಬಿ ಇರುವುದು ಹತ್ತು ಮೀಟರಿನಲ್ಲಿ. ಹತ್ತಿರಕ್ಕೆ ತಿರುಗಿಸಿಕೊಳ್ಳುವ ಬಳೆಯುಳ್ಳದ್ದೇ ಉತ್ತಮ.

ಇನ್ನು ಗಾತ್ರ. 4×32 ಎಂದರೆ ನಾಲ್ಕು ಪಟ್ಟು ಹಿಗ್ಗು, 32 ಮಿ.ಮೀ. ಗಾಜು. ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆ 8 ಮಿ.ಮೀ. ಅದೇ ಗಾಜಿನಲ್ಲಿ ಒಂಬತ್ತು ಪಟ್ಟು ಮಾಡಿದರೆ ಮೂರೂವರೆ. ಅಂದರೆ ಹಿಗ್ಗು ಏರಿದಷ್ಟೂ ತೋಟದಲ್ಲಿ ಸಂಜೆ ಬೇಗ ಆಗುತ್ತದೆ.

ಫಲಶ್ರುತಿ

ಇಷ್ಟು ಶಾಸ್ತ್ರ ತಿಳಿದೂ ಪ್ರಬಂಧಕಾರನು ಆಸೆಬುರುಕತನದಿಂದ ಒಂಬತ್ತು ಪಟ್ಟಿನದನ್ನೇ ಕೊಂಡನು. ಕೈನಡುಕವೂ ಒಂಬತ್ತು ಪಟ್ಟಾಯಿತು. ಹೊಡೆದ ಹನ್ನೆರಡು ಪೆಲೆಟ್ಟುಗಳು ಪೇರಳೆ ತೊಗಟೆಯಲ್ಲಿ ಎಲ್ಲೆಲ್ಲಿ ಹೂತಿವೆಯೆಂಬುದು ಮಾತ್ರ ಅತಿ ಸ್ಪಷ್ಟವಾಗಿ ಕಂಡಿತು.

"2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದದ್ದೂ ಹತ್ತೇ ಮೀಟರಿಗೆ" ಎಂದೆ, ಸಮಾಧಾನಕ್ಕೆ.

"ಅವರ ಕೋವಿಗೆ ದುರ್ಬೀನು ಇತ್ತಾ?" ಎಂದಳು ಹೆಂಡತಿ.

ಇರಲಿಲ್ಲ. ಆ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಬರೀ ಕಿಂಡಿಯಲ್ಲಿ ಗುರಿ.

ಅವಳು ಡಬ್ಬಿ ಬಿಚ್ಚಿ, ತೊಳೆದು, ಅದರಲ್ಲಿ ಮೆಂತ್ಯ ತುಂಬಿಟ್ಟಳು. ತೂತು ಒಂದೂ ಇರಲಿಲ್ಲ.