ಶಿಶುವಾಕ್-ಸ್ವೀಕಾರ ಮೀಮಾಂಸೆ: ಮಕ್ಕಳ ಗ್ರಾಮಸಭೆ ಕುರಿತ ಅಪೂರ್ಣ ಮಹಾಪ್ರಬಂಧ

ಮಕ್ಕಳಿಗೆ ಬಾಯಿದೆ ಎಂಬುದು ಲೋಕಕ್ಕೆ ಮೊದಲಿನಿಂದಲೂ ಗೊತ್ತಿತ್ತು. ಆ ಸಂಗತಿಗೆ ಅಧಿಕೃತ ಮುದ್ರೆ ಬಿದ್ದದ್ದು ಮಾತ್ರ 1989ರ ನವೆಂಬರ್ 20ರಂದು. ಅಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಪ್ರಕಾರ, ತನಗೆ ಸಂಬಂಧಿಸಿದ ಯಾವ ವಿಷಯದಲ್ಲೂ ಮಗು ಅಭಿಪ್ರಾಯ ಹೇಳಬಹುದು. ಅದರ ವಯಸ್ಸು, ಪ್ರಬುದ್ಧತೆ ನೋಡಿ ದೊಡ್ಡವರು ಆ ಮಾತಿಗೆ ಬೆಲೆ ಕೊಡಬೇಕು. ಭಾರತ 1992ರ ಡಿಸೆಂಬರಿನಲ್ಲಿ ಇದನ್ನು ಒಪ್ಪಿಕೊಂಡಿತು. ಕೇಳಿಸಿಕೊಳ್ಳುವ ದೊಡ್ಡವರ ಪ್ರಬುದ್ಧತೆಯನ್ನು ಅಳೆಯಲು ಒಡಂಬಡಿಕೆಯಲ್ಲಿ ವಿಧಿಯಿಲ್ಲ. ಆ ಕೊರತೆ ತುಂಬಲು ಹೊರಟಿದೆ ಪ್ರಸ್ತುತ ಪ್ರಬಂಧ.

ಮೊದಲು ಪರಿಭಾಷೆ. ಅಪ್ರಾಪ್ತವಯಸ್ಕ-ವಾಚಿಕಾಭಿವ್ಯಕ್ತಿಯನ್ನು ಬಹುಪಾಲುದಾರ-ಸಮನ್ವಯಾತ್ಮಕ-ಸಂವೇದನಾಶೀಲ ವೇದಿಕೆಯೊಂದಕ್ಕೆ ಧ್ವನಿವರ್ಧಕಪೂರ್ವಕವಾಗಿ ಆಹ್ವಾನಿಸಿ, ತದನಂತರ ನಡಾವಳಿ-ಪುಸ್ತಕಾಂತರ್ಗತಗೊಳಿಸಿ, ಅಂತಿಮವಾಗಿ ಕಪಾಟುಸ್ಥಗೊಳಿಸುವ ತ್ರಿಸ್ತರೀಯ ಪ್ರಕ್ರಿಯೆಯೇ 'ಶಿಶುವಾಕ್-ಸ್ವೀಕಾರ'. ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಇಂಥ ವಾಕ್ಯಗಳು ಎಸಿ ಸಭಾಂಗಣದಲ್ಲಿ, ಗೋಡಂಬಿ ತಟ್ಟೆಯ ಪಕ್ಕದಲ್ಲಿ, ಒಂದು ಮಗುವೂ ಇಲ್ಲದ ಕಾರ್ಯಾಗಾರದಲ್ಲಿ ಮಾತ್ರ ಅರ್ಥ ಬಿಟ್ಟುಕೊಡುತ್ತವೆ.

ಇನ್ನು ವರ್ಗೀಕರಣ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪುಸ್ತಿಕೆಯಲ್ಲಿ ಮಕ್ಕಳ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲಿನ ಏಣಿಯೊಂದನ್ನು ಹಾಕಿಕೊಟ್ಟರು. ಕೆಳಗಿನ ಮೂರು ಮೆಟ್ಟಿಲು, ಅಂದರೆ ಮಕ್ಕಳನ್ನು ಕೈಗೊಂಬೆ ಮಾಡುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಕೂರಿಸುವುದು, ಸಹಭಾಗಿತ್ವವೇ ಅಲ್ಲ ಎಂದರು. ನಮ್ಮ ಕಡೆಯ ಕ್ಷೇತ್ರಕಾರ್ಯ ನೋಡಿದ್ದರೆ ಎರಡನೇ ಮೆಟ್ಟಿಲಿನಲ್ಲೇ ಅವರಿಗೆ ಉಪಮೆಟ್ಟಿಲುಗಳು ಸಿಗುತ್ತಿದ್ದವು: (ಅ) ಸ್ವಾಗತಗೀತಾತ್ಮಕ ಅಲಂಕಾರ, (ಆ) ಪೂರ್ಣಕುಂಭಾತ್ಮಕ ಅಲಂಕಾರ, (ಇ) ಛಾಯಾಚಿತ್ರಪ್ರಧಾನ ಅಲಂಕಾರ, (ಈ) ಇರಲಿ, ವರ್ಗೀಕರಣ ಇಲ್ಲಿಗೆ ಸಾಕು. ಬ್ಯಾನರ್ ಹಿಡಿದು ನಿಂತ ಮಕ್ಕಳಿಗೆ ಬಿಸಿಲು ಜೋರಾಗಿದೆ.

ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಶುರುವಾಗುವ ಮಕ್ಕಳ ಗ್ರಾಮಸಭೆಗೆ ಸರ್ಕಾರದ ಸುತ್ತೋಲೆಯ ಬಲವಿದೆ. ದೀಪ ಬೆಳಗುತ್ತದೆ, ಶಾಲು ಹೊದಿಸಲಾಗುತ್ತದೆ, ಇಂದಿನ ಮಕ್ಕಳೇ ನಾಳಿನ ಪ್ರಜೆಗಳೆಂದು ಗಣ್ಯರೊಬ್ಬರು ಘೋಷಿಸುತ್ತಾರೆ. ಇವತ್ತು ಅವರು ಏನು ಎಂಬ ಪ್ರಶ್ನೆಗೆ ಭಾಷಣದಲ್ಲಿ ಜಾಗವಿಲ್ಲ. ಬಿಸಿಯೂಟದ ಹೊತ್ತಾಗುತ್ತಿದ್ದಂತೆ ಮೈಕು ಐದನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಬರುತ್ತದೆ. "ಸಾರ್, ಶೌಚಾಲಯಕ್ಕೆ ಬಾಗ್ಲಿದೆ, ಚಿಲ್ಕ ಇಲ್ಲ. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಹೊರಗೆ ಹಿಡ್ಕೊಂಡು ನಿಲ್ಬೇಕು." ವೇದಿಕೆಯಿಂದ ಉತ್ತರ: "ಅನುದಾನದ ಲಭ್ಯತೆಗೆ ಅನುಗುಣವಾಗಿ ನಿಯಮಾನುಸಾರ ಕ್ರಮ ವಹಿಸಲಾಗುವುದು." ಚಿಲಕ ಕೂರಿಸಲು ನಾಲ್ಕು ಸ್ಕ್ರೂ ಸಾಕು.

ಇನ್ನೂ ಚಿಕ್ಕವರ ಕಥೆ ಬೇರೆ. ಮಾತು ಬರುವ ಮುಂಚೆಯೇ ಮಗು ತನಗೇನು ಬೇಕೆಂದು ನಾನಾ ಬಗೆಯಲ್ಲಿ ತಿಳಿಸುತ್ತದೆ, ಅದನ್ನೂ ಗೌರವಿಸಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2005ರಲ್ಲೇ ಹೇಳಿದೆ. ಲಂಡನ್ನಿನಲ್ಲಿ ಅಲಿಸನ್ ಕ್ಲಾರ್ಕ್ ಮತ್ತು ಪೀಟರ್ ಮಾಸ್ ಮೂರು-ನಾಲ್ಕು ವರ್ಷದ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟರು, ನಿಮ್ಮ ಶಿಶುವಿಹಾರ ತೋರಿಸಿ ಎಂದು ಅವರ ಹಿಂದೆ ನಡೆದರು. ಇಲ್ಲಿ ಕತ್ತಲೆ ಕೋಣೆಯ ಅಂಗನವಾಡಿಗೆ ಕಾಲಿಡದೆ ಬಾಗಿಲಲ್ಲೇ ಕೂತು ಅಳುವ ಕೂಸು ಒದಗಿಸುತ್ತಿರುವುದು ಶುದ್ಧ 'ರೋದನಾತ್ಮಕ ದತ್ತಾಂಶ'. ಅದು ಹಟದ ಖಾತೆಗೆ ಜಮಾ ಆಗುತ್ತದೆ.

ಹಾಗೆಂದು ಮಕ್ಕಳ ಸಭೆಗಳು ಹುಟ್ಟಿದ್ದು ಪ್ರಹಸನವಾಗಿ ಅಲ್ಲ. ತೊಂಬತ್ತರ ದಶಕದಲ್ಲಿ ಕುಂದಾಪುರ ಸೀಮೆಯ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್ ತಲೆಯೆತ್ತಿತು. ಅದರ ಬೆನ್ನಿಗಿದ್ದದ್ದು ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮಸಂಘ, ಜೊತೆಗೆ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ. ಮಕ್ಕಳು ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು. ಊರು ಸುತ್ತಿ ತಾವೇ ಮಾಹಿತಿ ಕೂಡಿಹಾಕಿದರು. ಅಲ್ಲಿ ಯಾರೂ ಅವರಿಗೆ ನಾಳೆಯ ಪ್ರಜೆಗಳೆಂಬ ಬಿರುದು ಕೊಡಬೇಕಾಗಿರಲಿಲ್ಲ. ಸೌದೆ ತರಲು ಎಷ್ಟು ದೂರ ನಡೆಯಬೇಕು, ಮಳೆಗಾಲದಲ್ಲಿ ಯಾವ ಹಳ್ಳಕ್ಕೆ ಸಂಕ ಬೇಕು ಎಂಬುದು ದಿನಾ ನಡೆಯುವ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಕಾಲುಸಂಕವೆಂದರೆ ಏನೆಂದು ಆ ಸೀಮೆಯವರಿಗೆ ವಿವರಿಸಬೇಕಿಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಒಂದೆರಡು ಮರದ ಕಾಂಡ, ಹಿಡಿದುಕೊಳ್ಳಲು ಇದ್ದರೆ ಒಂದು ಗಳ, ಕೆಳಗೆ ರಭಸದ ಕೆಂಪು ನೀರು.

2022ರ ಆಗಸ್ಟ್‌ನಲ್ಲಿ ಅದೇ ಸೀಮೆಯಿರುವ ಉಡುಪಿ ಜಿಲ್ಲೆಯಲ್ಲಿ, ಶಾಲೆ ಬಿಟ್ಟು ಮನೆಗೆ ಹೊರಟ ಎರಡನೇ ತರಗತಿಯ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿನಲ್ಲಿ ಕೊಚ್ಚಿಹೋದಳು. ಆಮೇಲೆ ಅಪಾಯದ ಕಾಲುಸಂಕಗಳ ಪಟ್ಟಿ ಮಾಡುವ ಮಾತು ಬಂತು. ಪಟ್ಟಿ! ಆ ಪಟ್ಟಿ ಚಪ್ಪಲಿ ಕೈಯಲ್ಲಿ ಹಿಡಿದು ದಿನಕ್ಕೆರಡು ಸಲ ಅವನ್ನು ದಾಟುವ ಮಕ್ಕಳಿಗೆ ಬಾಯಿಪಾಠವಾಗಿತ್ತು. ಯಾವ ಕಾಂಡ ಲಡ್ಡಾಗಿದೆ, ಯಾವ ಕಡೆ ಪಾಚಿ ಕಟ್ಟಿದೆ, ಎಷ್ಟು ಮಳೆ ಬಂದರೆ ನೀರು ಎಲ್ಲಿಗೇರುತ್ತದೆ, ಕೇಳಿದ್ದರೆ ಎಲ್ಲವನ್ನೂ ಹೇಳುತ್ತಿದ್ದರು. ಮಗು ಸತ್ತ ಮೇಲೆ ಪಟ್ಟಿ ಕೇಳುವ ವ್ಯವಸ್ಥೆಗೆ ಎಷ್ಟನೇ ಮೆಟ್ಟಿಲು ಕೊಡಬೇಕು? ಯಾವ ಪರಿಭಾಷೆ ಹುಟ್ಟಿಸಬೇಕು?

ಪ್ರಬಂಧದ ಧಾಟಿ ತಪ್ಪಿತು, ವಿದ್ವಾಂಸರು ಮನ್ನಿಸಬೇಕು. ಮುಂದಿನ ಅಧ್ಯಾಯ: ಅನಾಹೂತ ಧ್ವನಿ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಟಿವಿಯಲ್ಲಿ ಮಾತಾಡಿದರು. ಆಗ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಖಡಕ್ಕಾಗಿ ಮಾತಾಡಿದ ವಿಡಿಯೊ ನಾಡೆಲ್ಲ ಹರಿದಾಡಿತು. 2022ರಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ, ಉಳಿದ ಜಿಲ್ಲೆಗಳಿಗೂ ಹೋಯಿತು. ಅವಳೊಬ್ಬಳ ಮಾತಿನಿಂದಲೇ ಆಯಿತೆಂದರೆ ಸುಳ್ಳಾದೀತು. ಮಕ್ಕಳ ರಕ್ತಹೀನತೆ, ಅಪೌಷ್ಟಿಕತೆಯ ಲೆಕ್ಕಗಳು ಮೊದಲೇ ಸರ್ಕಾರದ ಮುಂದಿದ್ದವು. ಆದರೂ ಯಾವ ಮಕ್ಕಳ ಗ್ರಾಮಸಭೆಯ ನಡಾವಳಿಯೂ ಅಷ್ಟು ಜನರ ಕಿವಿಗೆ ಬಿದ್ದಿರಲಾರದು. ಹಾರ್ಟ್ ಅವರ ಏಣಿಯಲ್ಲಿ ಅವಳನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಸಂಶೋಧನೆ ಸ್ಥಗಿತಗೊಂಡಿದೆ.

ನಿಯಮದಂತೆ ಪ್ರಬಂಧಕ್ಕೆ ಶಿಫಾರಸುಗಳು ಬೇಕು. ಇಲ್ಲಿರುವುದು ಒಂದೇ. ಮಕ್ಕಳ ಗ್ರಾಮಸಭೆಯಲ್ಲಿ ಮೊದಲು ಕಳೆದ ವರ್ಷದ ನಡಾವಳಿಯನ್ನು ಮಕ್ಕಳೇ ಗಟ್ಟಿಯಾಗಿ ಓದಬೇಕು. ಒಂದೊಂದು ಬೇಡಿಕೆಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದ್ದುನಿಂತು ಆಯಿತು ಅಥವಾ ಆಗಲಿಲ್ಲ ಎನ್ನಬೇಕು. ಆಗದಿದ್ದರೆ ಯಾಕೆಂದು ಐದನೇ ತರಗತಿಯವರಿಗೆ ತಿಳಿಯುವಂತೆ ಹೇಳಬೇಕು. ಸ್ವಾಗತಗೀತೆ ಆಮೇಲೆ, ಹೊತ್ತು ಉಳಿದರೆ.