ಭಾವನವರ ಬೆನ್ನೂ ಬೈಸಿಕಲ್ಲೂ

ಬೆನ್ನುನೋವು ಬಂದ ಗಂಡಸು ನರಳಿಕೊಂಡು ಮನೆಯಲ್ಲೇ ಬಿದ್ದಿದ್ದರೆ ಕಷ್ಟ ಹೆಂಡತಿಗೆ ಮಾತ್ರ. ಸೈಕಲ್ ತುಳಿದು ವಾಸಿಯಾದನೋ, ಊರಿಗೆಲ್ಲ ಕಷ್ಟ. ಇಂಥವರ ದರ್ಶನ ಆಗಬೇಕಾದರೆ ಭಾನುವಾರ ಬೆಳಗ್ಗೆ ಮೈಸೂರಿನ ಲಲಿತಮಹಲ್ ಕಡೆ ಹೋಗಿ. ಐವತ್ತರ ಆಸುಪಾಸು, ಮೈಗಂಟಿದ ಜೆರ್ಸಿ, ಅದರೊಳಗೆ ಗುಟ್ಟು ಕಾಪಾಡಲಾರದ ಹೊಟ್ಟೆ, ಪ್ಯಾಡ್ ಹೊಲಿದ ಚಡ್ಡಿ, ಎದೆಬಡಿತ ಎಣಿಸುವ ವಾಚು. ಚಾಮುಂಡಿ ಬೆಟ್ಟದ ದಾರಿಯ ಮಧ್ಯೆ ಇಳಿದು ನಿಲ್ಲುತ್ತಾರೆ. ಸುಸ್ತಾಗಿ ಅಲ್ಲವಂತೆ, ಫೋಟೋಕ್ಕಂತೆ.

ನನ್ನ ಪಾಲಿಗೆ ಬಂದವರು ನಮ್ಮ ಅಕ್ಕನ ಗಂಡ. ಬ್ಯಾಂಕಿನ ಕುರ್ಚಿಯಲ್ಲಿ ಕೂತೂ ಕೂತೂ ಎಲ್-ಫೋರ್ ಎಲ್-ಫೈವ್ ಮಧ್ಯದ ಡಿಸ್ಕ್ ಕೈಕೊಟ್ಟಿತು. ಅವರ ಮನೆಗೆ ಹೋದರೆ ಕಾಫಿಗಿಂತ ಮೊದಲು ಎಂ.ಆರ್.ಐ. ಫಿಲ್ಮು ಬರುತ್ತದೆ. ಕಿಟಕಿಗೆ ಹಿಡಿದು, "ನೋಡಯ್ಯಾ, ಕಪ್ಪಗಿದೆಯಲ್ಲ, ಅದೇ" ಎನ್ನುತ್ತಾರೆ. ನನಗೆ ಎಲ್ಲವೂ ಕಪ್ಪಗೇ ಕಾಣುತ್ತದೆ; ತಲೆಯಾಡಿಸುತ್ತೇನೆ.

ನೋವು ಇಳಿದ ಮೇಲೆ ಫಿಸಿಯೋಥೆರಪಿಯವರು ಹೊಟ್ಟೆ, ಬೆನ್ನಿನ ವ್ಯಾಯಾಮ ಹೇಳಿಕೊಟ್ಟು, ನಡೆಯಿರಿ, ಬೆನ್ನು ತೀರಾ ಬಗ್ಗಿಸದೆ ನಿಧಾನವಾಗಿ ಸೈಕಲ್ ಹೊಡೆಯಿರಿ ಎಂದಿದ್ದರು. ಭಾವನ ಕಿವಿಗೆ ಬಿದ್ದದ್ದು ಸೈಕಲ್ ಒಂದೇ. ಕುರಿಕೊಂಬಿನ ಹಾಗೆ ಹ್ಯಾಂಡಲ್ ಬಾಗಿದ ರೇಸ್ ಸೈಕಲ್ ತಂದರು. ಬಗ್ಗಿ ತುಳಿದು ಮತ್ತೆ ಮಂಚ ಹಿಡಿದರು. ಆಮೇಲೆ ಯಾರೋ ತಿಳಿದವರು ಹ್ಯಾಂಡಲ್ ಎತ್ತರಿಸಿ, ಸೀಟು ಸರಿಮಾಡಿಕೊಟ್ಟರು. ಅವತ್ತಿನಿಂದ ಜಗತ್ತಿನ ಸೀಟುಗಳೆಲ್ಲ ಭಾವನ ಜವಾಬ್ದಾರಿ.

ನಮ್ಮ ಬೀದಿಗೆ ಬರುವ ಹೂವಿನವನನ್ನೂ ಬಿಡಲಿಲ್ಲ. "ಏನಯ್ಯಾ, ಸೀಟು ಇಷ್ಟು ತಗ್ಗಿದೆ! ಮಂಡಿ ಹೋಗುತ್ತೆ."

"ಇಷ್ಟು ವರ್ಷದಿಂದ ಹೋಗಿಲ್ಲವಲ್ಲ ಸ್ವಾಮಿ."

"ಹೋದ ಮೇಲೆ ಗೊತ್ತಾಗುತ್ತೆ."

ನಮ್ಮ ಮನೆಯ ಸ್ಪ್ಯಾನರೇ ಬೇಕಾಯಿತು. ಬುಟ್ಟಿ ಹಿಡಿದು ನಿಲ್ಲುವ ಕೆಲಸ ನನ್ನದು. ಹಿಮ್ಮಡಿ ಪೆಡಲಿನ ಮೇಲಿಟ್ಟು ಕೆಳಕ್ಕೆ ತುಳಿದಾಗ ಕಾಲು ನೆಟ್ಟಗಾಗಬೇಕು, ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಅಷ್ಟೇ ಅಷ್ಟು ಬಾಗುತ್ತದೆ ಎಂದು ಪಾಠವಾಯಿತು. ಲೆಕ್ಕ ಸರಿಯೇ, ತಪ್ಪು ಹೇಳುವಂತಿಲ್ಲ. ಹೂವಿನವನು ಹೊರಟ. ಮೂರನೇ ಮನೆಯ ಗೇಟಿನಲ್ಲಿ ಅಭ್ಯಾಸದಂತೆ ಕೂತಲ್ಲಿಂದಲೇ ಕಾಲು ಊರಲು ಹೋದ. ನೆಲ ಸಿಗಲಿಲ್ಲ. ಮಲ್ಲಿಗೆ, ಕನಕಾಂಬರ, ಹೂವಿನವ, ಎಲ್ಲ ರಸ್ತೆ ಪಾಲು. ಮೈಗೇನೂ ಆಗಲಿಲ್ಲ, ಪುಣ್ಯ.

"ಮನೆಮನೆಗೂ ಕಾಲು ಊರಬೇಕು ಸ್ವಾಮಿ. ನಿಮ್ಮ ಹಾಗೆ ನಿಲ್ಲದೆ ಓಡಿದರೆ ವ್ಯಾಪಾರ ಯಾರು ಮಾಡ್ತಾರೆ?" ಎಂದ. ಭಾವ ಇಡೀ ಬುಟ್ಟಿಗೆ ದುಡ್ಡು ಕೊಟ್ಟರು. ನೆಲಕ್ಕೆ ಬಿದ್ದ ಹೂವು ದೇವರಿಗೂ ಬೇಡ, ಅಕ್ಕನಿಗೂ ಬೇಡ.

ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ತಲೆಮಾರು ಇವರದು. ಕೆಲಸ ಸಿಕ್ಕಿದ್ದೇ ತಡ ಸ್ಕೂಟರ್ ತಂದು, ಅಪ್ಪನ ಹರ್ಕ್ಯುಲಿಸ್ಸನ್ನು ಗುಜರಿಗೆ ಹಾಕಿದರು. ಆ ಸ್ಕೂಟರಿನ ಬೆಲೆಗೆ ಈಗಿನ ಸೈಕಲ್ಲಿನ ಒಂದು ಚಕ್ರವೂ ಬರಲಿಕ್ಕಿಲ್ಲ. ಕೊಟ್ಟ ನಿಜವಾದ ಮೊತ್ತ ಅಕ್ಕನಿಗೆ ಇನ್ನೂ ತಿಳಿದಿಲ್ಲ. ನನಗೆ ತಿಳಿದಿದೆ ಎಂಬುದೊಂದೇ ನನ್ನ ಕೈಲಿರುವ ಅಸ್ತ್ರ. ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ 2017ರಲ್ಲೇ ಮೈಸೂರಿಗೆ ಬಂತಲ್ಲ, ಅದರಲ್ಲಿ ಸಾಲದಿತ್ತೇ ಎಂದರೆ, "ಅದಕ್ಕೆ ತೂಕ ಜಾಸ್ತಿ" ಎನ್ನುತ್ತಾರೆ. ತೂಕದ ವಿಷಯ ನಾವಿಬ್ಬರೂ ಮುಂದುವರಿಸುವುದಿಲ್ಲ.

ಆದರೂ ಒಂದು ಕಾಲದಲ್ಲಿ ಈ ಮನುಷ್ಯನಿಗೆ ಕಾಲುಚೀಲ ಹಾಕಲೂ ಅಕ್ಕನೇ ಬೇಕಿತ್ತು. ಮೊನ್ನೆ ಗೌರಿಹಬ್ಬಕ್ಕೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಒಬ್ಬಟ್ಟಿನ ಎರಡನೇ ಸುತ್ತು ಮುಗಿಸಿ, ನೆಲಕ್ಕೆ ಕೈ ತಾಗಿಸದೆ ಎದ್ದರು. ಬಡಿಸುತ್ತಿದ್ದ ಅಕ್ಕ ತುಪ್ಪದ ಮಿಳ್ಳೆ ಹಿಡಿದು ನೋಡುತ್ತಲೇ ನಿಂತಳು. ನನಗೂ ಸಂತೋಷವಾಯಿತು. ಸಂತೋಷದಲ್ಲಿ ನಾನು ಕೈ ಊರಿ ಎದ್ದೆ. ಭಾವ ಅದನ್ನು ನೋಡಿಬಿಟ್ಟರು.

"ಏಳುವಾಗ ಸೊಂಟ ಹಿಡಿಯಿತಾ? ಎಡಗಡೆನಾ?"

ನಿನ್ನೆ ಅವರ ಹಳೆಯ ಸೈಕಲ್ ನಮ್ಮ ಜಗಲಿಗೆ ಬಂದಿದೆ. ಸೀಟು ಆಗಲೇ ಎತ್ತರಕ್ಕೇರಿದೆ. ಬೆಳಗ್ಗೆ ಹೂವಿನವನು ಅದನ್ನೂ ನನ್ನನ್ನೂ ನೋಡಿ, ಸ್ಪ್ಯಾನರ್ ಒಳಗಿದೆಯಾ ಸ್ವಾಮಿ, ಇಳಿಸಿಕೊಡಲಾ, ಎಂದ.