ಹಿಟ್ಟುಂಡ ಬೆರಳಿಗೆ ಎರಡು ಕಡ್ಡಿ

ಪೇಟೆಯಿಂದ ಬಂದ ನೆಂಟರು ರಾಗಿಹಿಟ್ಟನ್ನು ಚೂಯಿಂಗ್ ಗಮ್ಮಿನಂತೆ ಅಗಿಯುವುದನ್ನು ಕಂಡು ನಗದವರು ನಮ್ಮೂರು ತಿಗನಾರೆಯಲ್ಲಿ ಯಾರಿದ್ದಾರೆ? ನಾನೂ ಬೇಕಾದಷ್ಟು ನಕ್ಕಿದ್ದೇನೆ. ಮುರಿದು, ಉಪ್ಸಾರಿಗೆ ಅದ್ದಿ, ಗುಳಕ್ಕನೆ ನುಂಗುವುದಕ್ಕೆ ಯಾವ ಮಹಾವಿದ್ಯೆ ಬೇಕು! ಆ ನಗೆಯ ಸಾಲವನ್ನು ಒಡೆಯರಪಾಳ್ಯದಲ್ಲಿ ಬಡ್ಡಿ ಸಮೇತ ತೀರಿಸಿ ಬಂದೆ.

ಒಡೆಯರಪಾಳ್ಯ ಪರದೇಶವೇನಲ್ಲ. 1956ಕ್ಕೆ ಮೊದಲು ಅದಿರುವ ಕೊಳ್ಳೇಗಾಲ ಸೀಮೆಯೂ ನಮ್ಮ ಹಾಗೆ ಕೊಯಮತ್ತೂರು ಜಿಲ್ಲೆಯದೇ. ಆಮೇಲೆ ಅವರು ಮೈಸೂರಿನ ಪಾಲಾದರು, ನಾವು ಮದರಾಸಿನಲ್ಲೇ ಉಳಿದೆವು. 1970ರ ದಶಕದಲ್ಲಿ ಟಿಬೆಟಿನವರು ಬಂದು ಅಲ್ಲಿ ನೆಲೆ ನಿಂತರು, ಮುಸುಕಿನ ಜೋಳ ಬೆಳೆದರು. ಆನೆಗೆ ಮಾತ್ರ ಯಾರ ಹೊಲವಾದರೂ ಒಂದೇ.

ಅಲ್ಲೊಂದು ಪುಟ್ಟ ಹೋಟೆಲಲ್ಲಿ ತುಕ್ಪಾ ಎಂಬ ಟಿಬೆಟಿನ ಸಾರು ಹೇಳಿದೆ. ಹಬೆಯಾಡುವ ಬಟ್ಟಲು ಬಂತು, ಜೊತೆಗೆ ಎರಡು ಬಿದಿರುಕಡ್ಡಿ. ಚಮಚ ಕೇಳಬಹುದಿತ್ತು, ಜಂಬ ಬಿಡಬೇಕಲ್ಲ! ಶಾವಿಗೆಯಂಥ ಎಳೆ ತುಟಿಯವರೆಗೂ ಬಂದು, ನನ್ನ ಮುಖ ನೋಡಿ, ಜಾರಿ ಸಾರಿಗೆ ಹಾರಿತು. ಅಂಗಿಯೂ ಒಂದಿಷ್ಟು ಉಂಡಿತು. ಬೇಸತ್ತು ಕಡ್ಡಿಗಳನ್ನು ಬಟ್ಟಲಲ್ಲೇ ನೆಟ್ಟೆ. ಜಪಾನಿನಲ್ಲಿ ಹೀಗೆ ಅನ್ನಕ್ಕೆ ಕಡ್ಡಿ ನೆಡುವುದು ಸತ್ತವರಿಗೆ ಎಡೆ ಇಡುವಾಗಲಂತೆ. ಪುಣ್ಯ, ನಾನಿನ್ನೂ ಇದ್ದೆ. ತಮಾಷೆಯೆಂದರೆ ಈ ಟಿಬೆಟಿನವರೂ ಹುರಿದ ಬಾರ್ಲಿಹಿಟ್ಟಿಗೆ ಬೆಣ್ಣೆ ಚಹಾ ಹೊಯ್ದು, ಬೆರಳಲ್ಲೇ ಕಲಸಿ, ಉಂಡೆ ಕಟ್ಟಿ ತಿನ್ನುವವರು. ತ್ಸಂಪಾ ಅಂತ ಅದರ ಹೆಸರು. ಅದನ್ನೇ ಕೇಳಿದ್ದರೆ ಮಾನ ಉಳಿಯುತ್ತಿತ್ತು.

ಒಂದು ಜೊತೆ ಕಡ್ಡಿ ಬೇಡಿ ಮನೆಗೆ ತಂದೆ. "ಏನ್ಲಾ ಇದು, ಕೊಕ್ಕರೆ ಕಾಲು ಮುರ್ಕೊಂಡು ಬಂದ್ಯಾ?" ಎಂದಳು ಅವ್ವ. ಬೇಯಿಸಿದ ಅವರೆಕಾಳನ್ನು ತಟ್ಟೆಗೆ ಹಾಕಿಕೊಂಡು ಕೂತೆ. ಎರಡೂ ಕಡ್ಡಿ ಒಟ್ಟಿಗೆ ಕುಣಿಯುತ್ತಿದ್ದವು, ಕಾಳು ಚಿಮ್ಮಿ ಕೋಳಿಯ ಪಾಲಾಗುತ್ತಿತ್ತು. ಸ್ವಲ್ಪ ಹೊತ್ತು ನೋಡಿದ ಅವ್ವ ಒಲೆಯ ಮುಂದಿನಿಂದಲೇ ಗದರಿದಳು: "ಅಯ್ಯೋ ಪೆದ್ದ, ಹಿಟ್ಟು ತಿರುವ್ವಾಗ ಎರಡು ಕೋಲ್ನೂ ಆಡಿಸ್ತಾರೇನ್ಲಾ? ಕವೆಗೋಲು ಮಡಕೆ ಅಮುಕ್ಕೊಂಡು ಸುಮ್ನೆ ಇರ್ತದೆ. ತಿರುವೋದು ಇನ್ನೊಂದು."

ಕೆಳಗಿನ ಕಡ್ಡಿಯನ್ನು ಹೆಬ್ಬೆರಳಿನ ಬುಡಕ್ಕೂ ಉಂಗುರಬೆರಳಿಗೂ ಒತ್ತಿ ಅಲುಗದಂತೆ ಕೂರಿಸಿದೆ. ಮೇಲಿನದನ್ನು ಪೆನ್ನಿನಂತೆ ಹಿಡಿದು ಆಡಿಸಿದೆ. ಕಾಳು ಸಿಕ್ಕಿತು! ಆಮೇಲೆ ನೋಡಿ, ಕೈ ತುಂಬಾ ಬಾಚುವವನಿಗೆ ಒಂದೊಂದೇ ಕಾಳಿನ ರುಚಿ ತಿಳಿಯಿತು. ಅರ್ಧ ತಟ್ಟೆ ಮುಗಿಸಿ, ನೀರು ಕುಡಿಯಲು ಎದ್ದು ಬರುವುದರೊಳಗೆ ಕಡ್ಡಿ ಒಂದೇ ಉಳಿದಿತ್ತು. ಇನ್ನೊಂದರಲ್ಲಿ ಅವ್ವ ಕೆಂಡದೊಳಗಿನ ಗೆಣಸು ಬೆಂದಿದೆಯೇ ಎಂದು ಚುಚ್ಚಿ ನೋಡುತ್ತಿದ್ದಳು.